ಹಾಯ್ಸ್ಟಿಗೆ ಇಟ್ಟ ಕುಂಕುಮ

ರಸ್ತೆ ದಾಟುವಾಗ ಎಲ್ಲರೂ ಎಡಬಲ ನೋಡುತ್ತಾರೆ. ನಾನು ಮೊದಲು ಮೇಲೆ ನೋಡುತ್ತೇನೆ. ಕ್ರೈಸ್ಟ್‌ಚರ್ಚ್‌ನಲ್ಲಿ ಇದು ಕಷ್ಟದ ಅಭ್ಯಾಸ. ಭೂಕಂಪಕ್ಕೆ ಬಿದ್ದ ಊರನ್ನು ಇನ್ನೂ ಕಟ್ಟುತ್ತಲೇ ಇದ್ದಾರೆ. ಯಾವ ಬೀದಿಗೆ ಹೋದರೂ ನೆತ್ತಿಯ ಮೇಲೊಂದು ಕ್ರೇನು, ಅದರ ತುದಿಗೆ ತೂಗಾಡುವ ಏನೋ ಒಂದು ಭಾರ. ಹೆಂಡತಿ ಕೈ ಹಿಡಿದು ಎಳೆಯುತ್ತಾಳೆ. "ಅದು ಇಲ್ಲಿಗೆ ಬೀಳಲ್ಲ, ಬನ್ರಿ" ಎನ್ನುತ್ತಾಳೆ. ಬೀಳುವುದಿಲ್ಲ ಎಂದು ನನಗೂ ಗೊತ್ತು. ಆದರೆ ಕಾಲಿಗೆ ಗೊತ್ತಿಲ್ಲ.

ಕಾಕಾ ತೀರಿಹೋದರೆಂದು ಕಳೆದ ತಿಂಗಳು ತಿಳಿದ ಮೇಲೆ ಇದು ಹೆಚ್ಚಾಗಿದೆ. ಹುಬ್ಬಳ್ಳಿಯ ಮನೆಯಲ್ಲಿ ಬೆಳಗಿನ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಹಾಗೆಯೇ ಗೋಡೆಗೆ ಒರಗಿದರಂತೆ. ಅವರ ಜೊತೆ ನಾನು ಕೆಲಸ ಮಾಡಿದ್ದು ಎರಡು ವರ್ಷವೂ ಇಲ್ಲ. ಅವರ ತಂದೆ ಯಾರು, ಎಲ್ಲಿ ಓದಿದರು, ಮದುವೆ ಹೇಗಾಯಿತು, ಒಂದೂ ನನಗೆ ತಿಳಿಯದು. ತಿಳಿದಿರುವುದು ಒಂದು ವರ್ಕ್‌ಶಾಪು, ಒಂದು ಅಡುಗೆಮನೆ, ಒಂದು ಬೆಳಗ್ಗೆ. ಆ ಬೆಳಗ್ಗೆ ಮಾತ್ರ ಬೇಡವೆಂದರೂ ದಿನಕ್ಕೊಮ್ಮೆ ಬಂದು ಹೋಗುತ್ತದೆ.

ಹಾರ್ನ್‌ಬಿ ಎಂದರೆ ಊರಿನ ಅಂಚಿನಲ್ಲಿ ಗೋದಾಮು, ಲಾರಿ, ಕಾರ್ಖಾನೆಗಳೇ ತುಂಬಿದ ಬಡಾವಣೆ. ಅಲ್ಲಿ ಕಟ್ಟಡಗಳಿಗೆ ಉಕ್ಕಿನ ತೊಲೆ, ಕಂಬ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ಕಾಕಾ ವೆಲ್ಡರ್. ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ, ಇಲ್ಲಿಗೆ ಬಂದು ಮತ್ತೊಂದು ಡಿಪ್ಲೊಮಾ ಮಾಡಿ, ತಯಾರಾದ ತೊಲೆಗಳ ಅಳತೆ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ಮೊದಲ ದಿನವೇ ಇನ್ನೂ ಆರದ ಉಕ್ಕಿನ ಮೇಲೆ ಕೈಯಿಟ್ಟು "ಅಯ್ಯೋ ಶಿವನೇ!" ಎಂದು ಕೂಗಿದೆ. ಪಕ್ಕದಲ್ಲಿ ಬೆಂಕಿಯ ಕಿಡಿ ನಿಂತಿತು. ವೆಲ್ಡಿಂಗ್ ಹೆಲ್ಮೆಟ್ ಮೇಲೆ ಸರಿಯಿತು. ಒಳಗಿನಿಂದ ದಪ್ಪ ಮೀಸೆಯ ಒಂದು ಮುಖ ನಕ್ಕಿತು.

"ಶಿವಾ ಇಲ್ಲೀತನಾ ಬರಂಗಿಲ್ಲೋ ತಮ್ಮಾ. ಅವಂಗ ವೀಸಾ ಇಲ್ಲ. ಗ್ಲೌಸ್ ಹಾಕ್ಕೋ."

ಅವತ್ತಿನಿಂದ ನನಗೂ ಅವರು ಕಾಕಾ. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಕಾಕಾನೇ. ಫಿಲಿಪೀನ್ಸಿನವರು, ಫಿಜಿಯವರು ಕೂಡ ಹಾಗೆಯೇ ಕರೆಯುತ್ತಿದ್ದರು. ಈ ದೇಶದ ಕಾಡಿನಲ್ಲಿ ಅದೇ ಹೆಸರಿನ ಒಂದು ಗಿಳಿಯಿದೆ. ಮ್ಯಾನೇಜರ್ ಗ್ರೆಗ್, ಆ ಗದ್ದಲದ ಹಕ್ಕಿಯ ಹೆಸರನ್ನೇ ನಾವು ಇವರಿಗೆ ಇಟ್ಟಿದ್ದೇವೆಂದು ಬಹಳ ದಿನ ನಂಬಿದ್ದ. ಕಾಕಾ ತಿದ್ದಲಿಲ್ಲ. "ಇರಲಿ ಬಿಡು. ಹಕ್ಕಿಗೆ ಯಾರೂ ವೀಸಾ ಕೇಳಂಗಿಲ್ಲ."

ಅವರಿಗೆ ತಮ್ಮ ಮೀಸೆಯ ಬಗ್ಗೆ ವಿಪರೀತ ಅಭಿಮಾನ. ಹೆಲ್ಮೆಟ್ಟಿನ ಕಪ್ಪು ಗಾಜೇ ಅವರ ಕನ್ನಡಿ. ಜೇಬಿನ ಬಾಚಣಿಗೆ ತೆಗೆದು ಅದರಲ್ಲಿ ನೋಡಿಕೊಂಡು ಬಾಚುತ್ತಿದ್ದರು. ವೀಸಾಕ್ಕೆಂದು ಫೋಟೋ ತೆಗೆಸುವ ಹಿಂದಿನ ದಿನ ತಲೆಗೂ ಮೀಸೆಗೂ ಬಣ್ಣ. ಇಲ್ಲಿ ನೆಲೆಸಲು ಅನುಮತಿ, ನಾವೆಲ್ಲ ರೆಸಿಡೆನ್ಸಿ ಎನ್ನುವುದು, ಸಿಗಬೇಕಾದರೆ ಅಂಕಗಳ ಲೆಕ್ಕವಿತ್ತು. ಕೆಲಸಕ್ಕೆ ಇಷ್ಟು, ಅನುಭವಕ್ಕೆ ಇಷ್ಟು. ವಯಸ್ಸಾದಂತೆ ಅಂಕ ಕಡಿಮೆ.

"ಕಾಕಾ, ಅಂಕ ಕೊಡೋದು ಹುಟ್ಟಿದ ತಾರೀಖು ನೋಡಿ. ಕೂದಲು ನೋಡಿ ಅಲ್ಲ" ಎಂದೆ.

"ಗೊತ್ತೈತೋ ಶ್ಯಾಣ್ಯಾ. ಆದ್ರೂ ಆ ಕಡೆ ಕುಂತು ನೋಡಾಕೀನೂ ಮನಷ್ಯಾಳ. ಮುದುಕ ಅಂತ ಅನ್ನಿಸಬಾರದು ನೋಡು."

ಹಾಗೆ ನೋಡುತ್ತಾ ಕೂತವಳು ಯಾರು, ಎಲ್ಲಿ, ಯಾರಿಗೂ ಗೊತ್ತಿರಲಿಲ್ಲ. ಅರ್ಜಿ ಹಾಕಿ ವರ್ಷ ಕಳೆದಿತ್ತು. ಅದರಲ್ಲಿ ಅವರ ಹೆಸರಿನ ಕೆಳಗೆ ಹೆಂಡತಿ, ಮಗಳ ಹೆಸರೂ ಇದ್ದವು. ಮಗಳು ಪಿಯುಸಿ ಓದುತ್ತಿದ್ದಳು, ನರ್ಸಿಂಗ್ ಮಾಡಬೇಕೆಂದು ಹಟ. ರೆಸಿಡೆನ್ಸಿ ಸಿಕ್ಕರೆ ಇಲ್ಲಿನ ಮಕ್ಕಳ ಹಾಗೆಯೇ ಕಾಲೇಜು ಸೇರಬಹುದು. ಸಿಗದೆ ಬಂದರೆ ಹೊರದೇಶದವರ ಫೀಸು. "ನಮ್ಮ ಓಣೀನ ಮಾರಿದ್ರೂ ಮುಟ್ಟಂಗಿಲ್ಲ" ಎನ್ನುತ್ತಿದ್ದರು. ಅದಕ್ಕೇ ಒಬ್ಬರೇ ಇದ್ದರು. ಅದಕ್ಕೂ ಮುಂಚೆ ಕೊಲ್ಲಿ ದೇಶದಲ್ಲಿ ಒಬ್ಬರೇ ಇದ್ದರು. ಮಗಳು ನಡೆಯಲು ಕಲಿತದ್ದನ್ನು, ಮಾತು ಕಲಿತದ್ದನ್ನು, ಸೈಕಲ್ ಕಲಿತದ್ದನ್ನು ಅವರು ಫೋನಿನಲ್ಲೇ ಕೇಳಿದ್ದು. "ಕಾಲೇಜಿಗೆ ಮೊದಲನೇ ದಿನಾ ನಾನ ಬಿಟ್ಟು ಬರಾಂವ" ಎಂದು ಆಗಾಗ ಹೇಳುತ್ತಿದ್ದರು. ಅವರು ಬೇಡಿದ್ದು ಇಷ್ಟೇ.

ನಾವು ಐದು ಜನ ಸೇರಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಭಾನುವಾರ ಕಾಕಾ ಜೋಳದ ರೊಟ್ಟಿ ಮಾಡುತ್ತಿದ್ದರು. ವರ್ಕ್‌ಶಾಪಿನಲ್ಲಿ ಉಳಿದ ಉಕ್ಕಿನ ತುಂಡನ್ನು ಗ್ರೆಗ್‌ನನ್ನು ಕೇಳಿ ತಂದು, ದುಂಡಗೆ ಕತ್ತರಿಸಿ, ಉಜ್ಜಿ ಮಾಡಿದ ಹಂಚು. ಎತ್ತಬೇಕಾದರೆ ಎರಡು ಕೈ ಬೇಕು. ಅದು ಕಾದು ಹಿಟ್ಟಿನ ಹೊಗೆ ಎದ್ದರೆ ಸಾಕು, ಚಾವಣಿಯ ಹೊಗೆ ಅಲಾರಂ ಕಿರುಚುತ್ತಿತ್ತು. ಆದ್ದರಿಂದ ರೊಟ್ಟಿ ಮುಗಿಯುವವರೆಗೆ ಒಬ್ಬರು ಕುರ್ಚಿಯ ಮೇಲೆ ನಿಂತು ಟವೆಲ್ ಬೀಸಬೇಕು. ಹೆಚ್ಚಾಗಿ ಆ ಕೆಲಸ ರೋಮೆಲ್‌ನದು. ರೋಮೆಲ್ ಮನಿಲಾದ ಕಡೆಯವನು, ನಮ್ಮ ಜೊತೆಯೇ ಉಕ್ಕು ಜೋಡಿಸುವ ಕೆಲಸ, ಅವನಿಗೂ ಊರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಅವನು ಟವೆಲ್ ಬೀಸುತ್ತಾ ಹಾಡುತ್ತಿದ್ದ. ಕಾಕಾ ರೊಟ್ಟಿ ಬಡಿಯುತ್ತಾ, "ಲೇ, ಹಾಡ ಕಡಿಮಿ ಮಾಡು, ಗಾಳಿ ಜಾಸ್ತಿ ಮಾಡು" ಎಂದು ಅಪ್ಪಟ ಕನ್ನಡದಲ್ಲಿ ಗದರಿದರೆ, ಅವನು "ಓಕೆ ಕಾಕಾ" ಎಂದು ಜೋರಾಗಿ ಬೀಸುತ್ತಿದ್ದ.

ಆಗಿನ್ನೂ ಮದುವೆಯಾಗದ ನನಗೆ ವೀಸಾ ಏನೆಂದು ಕಾಕಾ ತಿಳಿಸಿಕೊಟ್ಟದ್ದೂ ಆ ಅಡುಗೆಮನೆಯಲ್ಲೇ. ನಮ್ಮೆಲ್ಲರ ವೀಸಾದ ಮೇಲೆ ಕಂಪನಿಯ ಹೆಸರು ಅಚ್ಚಾಗಿತ್ತು. ಆ ಕೆಲಸ ಬಿಟ್ಟರೆ ಬೇರೆ ಕಡೆ ದುಡಿಯುವಂತಿಲ್ಲ. ಹೊಸ ಮಾಲೀಕ ಸಿಗಬೇಕು, ಈ ಕೆಲಸಕ್ಕೆ ಇಲ್ಲಿಯವರು ಯಾರೂ ಸಿಗಲಿಲ್ಲವೆಂದು ಅವನು ಸಾಬೀತು ಮಾಡಬೇಕು, ಆಮೇಲೆ ಹೊಸ ವೀಸಾ.

"ಲಗ್ನಪತ್ರಿಕಿ ಮ್ಯಾಲೆ ಗಂಡಿನ ಹೆಸರು ಇರತೈತಲ್ಲ, ಹಂಗಿದು" ಎಂದರು ಕಾಕಾ. "ಅಂವ ಹೊಡೀಲಿ, ಬಡೀಲಿ, ಬಾಳೇ ಮಾಡಬೇಕು. ಒಲ್ಲೆ ಅಂದಿ? ತವರುಮನಿ ಹಾದಿ ಹಿಡಿ."

ಗ್ರೆಗ್ ಹೊಡೆಯುವ, ಬಡಿಯುವ ಮನುಷ್ಯನಲ್ಲ. ಕೆಟ್ಟವನೂ ಅಲ್ಲ. ಅವನ ಮನೆಯ ಮರದ ನಿಂಬೆಹಣ್ಣನ್ನು ಪೆಟ್ಟಿಗೆಯಲ್ಲಿ ತಂದು ನಮಗೆಲ್ಲ ಹಂಚುತ್ತಿದ್ದ. ಆದರೆ ಯಾವುದಾದರೂ ಯಂತ್ರ ಸರಿಯಿಲ್ಲ ಎಂದರೆ ಈ ದೇಶದವರು ಎಲ್ಲದಕ್ಕೂ ಹೇಳುವ ಮಾತು ಹೇಳುತ್ತಿದ್ದ: "ಶೀಲ್ ಬಿ ರೈಟ್." ಎಲ್ಲ ಸರಿಹೋಗುತ್ತದೆ. ಕಾಕಾ ಅದಕ್ಕೆ "ನೋ ಪ್ರಾಬ್ಲಮ್ ಬಾಸ್" ಎನ್ನುತ್ತಿದ್ದರು. ಆ ಮೂರು ಶಬ್ದಗಳನ್ನು ಅವರು ಬೇರೆ ಬೇರೆ ರಾಗದಲ್ಲಿ ಹೇಳುತ್ತಿದ್ದರು. ಒಂದರಲ್ಲಿ ಕೆಲಸ ಆಗುತ್ತದೆ ಎಂಬ ಅರ್ಥ. ಇನ್ನೊಂದರಲ್ಲಿ, ನಿನ್ನ ಹಣೆಬರಹ ಎಂಬ ಅರ್ಥ. ಗ್ರೆಗ್‌ಗೆ ಎರಡೂ ಒಂದೇ.

ನಾನು ಸೇರುವ ಮುಂಚೆ ಒಬ್ಬ ಪಂಜಾಬಿ ಹುಡುಗ ಭಾರ ಎತ್ತುವ ಯಂತ್ರವೊಂದು ಕೆಟ್ಟಿದೆ, ರಿಪೇರಿ ಆಗುವವರೆಗೆ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದನಂತೆ. ಯಾರೂ ಅವನನ್ನು ಬೈಯಲಿಲ್ಲ. ಅವನ ವೀಸಾ ಮುಗಿಯುತ್ತಾ ಬಂದಾಗ, ಮುಂದುವರಿಸುವ ಕಾಗದಕ್ಕೆ ಸಹಿ ಹಾಕದೆ, ಈಗ ಆರ್ಡರ್ ಕಡಿಮೆ ಮಗಾ, ಎಂದು ಗ್ರೆಗ್ ಬೆನ್ನು ತಟ್ಟಿದ. ಹುಡುಗ ಜಲಂಧರಕ್ಕೆ ಹೋದ. ಇದನ್ನು ಹೇಳಿ ಕಾಕಾ, "ಇಲ್ಲಿ ಯಾರೂ ಸಿಟ್ಟಿಗೇಳಂಗಿಲ್ಲ ತಮ್ಮಾ. ನಕ್ಕೋಂತ ಸಹಿ ಮಾಡದ ಬಿಡ್ತಾರ" ಎಂದರು.

ಕುಂಕುಮದ ಪದ್ಧತಿ ಹುಟ್ಟಿದ್ದು ಅದಾದ ಮೇಲೆ.

ಕಾಕಾ ಬಂದ ವರ್ಷವೇ ಖಂಡೇನವಮಿಗೆ, ಅಂದರೆ ನಮ್ಮ ಕಡೆಯ ಆಯುಧಪೂಜೆಗೆ, ತಮ್ಮ ವೆಲ್ಡಿಂಗ್ ಮಷೀನಿಗೆ ಕುಂಕುಮ ಇಟ್ಟಿದ್ದರು. ಗ್ರೆಗ್ ಕುತೂಹಲದಿಂದ ಕೇಳಿ, ಚೆನ್ನಾಗಿದೆ ಎಂದಿದ್ದ. ಯಂತ್ರಕ್ಕೆ ಕುಂಕುಮ ಇಡುವುದು ಅವರ ಧರ್ಮ, ಅದನ್ನು ಅಳಿಸಬಾರದು ಎಂದು ಎಲ್ಲರಿಗೂ ಅವನೇ ಹೇಳಿದ. ಕಾಕಾನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಯಾವ ಯಂತ್ರ ಅಪಾಯವೆಂದು ಅನಿಸಿತೋ ಅದನ್ನು ಮೊದಲು ಗ್ರೆಗ್‌ಗೆ ಹೇಳುವರು. "ಶೀಲ್ ಬಿ ರೈಟ್" ಎಂಬ ಉತ್ತರ ಬಂದರೆ, ತಮ್ಮ ಪೆಟ್ಟಿಗೆಯಿಂದ ಕುಂಕುಮದ ಡಬ್ಬಿ ತೆಗೆದು, ಆ ಯಂತ್ರಕ್ಕೊಂದು ಬೊಟ್ಟು ಇಟ್ಟು ಕೈಮುಗಿಯುವರು. ವೀಸಾದ ಮೇಲಿದ್ದ ನಮಗೆಲ್ಲ ಅದರ ಅರ್ಥ ಗೊತ್ತಿತ್ತು: ಇದರ ಹತ್ತಿರ ಹೋಗಬೇಡ, ಇದರ ಕೆಳಗೆ ನಿಲ್ಲಬೇಡ. ರಿಪೇರಿಯಾದ ದಿನ ಒದ್ದೆ ಬಟ್ಟೆಯಿಂದ ಒರೆಸುವರು. ಯಾರೂ ದೂರು ಕೊಟ್ಟಂತಾಗಲಿಲ್ಲ. ಯಾರ ಸಹಿಗೂ ಕುತ್ತಿಲ್ಲ. ರೋಮೆಲ್ ಆ ಬೊಟ್ಟು ಕಂಡರೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಸುತ್ತು ಹಾಕಿ ಹೋಗುತ್ತಿದ್ದ. ನೋಡಿದ ಗ್ರೆಗ್‌ಗೆ ನಾವೆಲ್ಲ ಬಹಳ ದೈವಭಕ್ತರು ಎನಿಸುತ್ತಿತ್ತು.

ನಾನು ಒಮ್ಮೆ ಕೇಳಿದೆ. "ದೇವರನ್ನ ಹಿಂಗೆ ಬಳಸ್ಕೊಳ್ಳೋದು ಸರೀನಾ ಕಾಕಾ?"

"ದೇವರು ನಮ್ಮನ್ನ ಬಳಸ್ಕೊಳ್ಳೂ ಹೊತ್ತಿಗೆ ಕೇಳ್ತಾನೇನು?"

ನಾನು ಸೇರಿದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮಲ್ಲಿದ್ದ ನಾಲ್ಕು ಹಾಯ್ಸ್ಟ್‌ಗಳಲ್ಲಿ ಒಂದರ ಬ್ರೇಕ್ ಜಾರತೊಡಗಿತು. ಹಾಯ್ಸ್ಟ್ ಎಂದರೆ ಚಾವಣಿಯ ಹಳಿಗೆ ತೂಗುಹಾಕಿದ, ಸರಪಳಿಯಿಂದ ತೊಲೆ ಎತ್ತುವ ಯಂತ್ರ. ನಾಲ್ಕೂ ಹಳದಿ, ನಾಲ್ಕೂ ಒಂದೇ ಅಚ್ಚು, ಹಳಿಯ ಮೇಲೆ ಅತ್ತಿತ್ತ ಜರುಗುವಂಥವು. ಎತ್ತಿದ ಭಾರ ನಿಂತಲ್ಲಿ ನಿಲ್ಲದೆ ಮೆಲ್ಲಗೆ ಇಳಿಯುತ್ತಿದ್ದುದನ್ನು ಕಾಕಾ ಗಮನಿಸಿ ಗ್ರೆಗ್‌ಗೆ ಎರಡು ಸಲ ಹೇಳಿದರು. ಹೊಸ ಭಾಗ ಆರ್ಡರ್ ಮಾಡಿದೆ ಎಂದ. ಕಾಕಾ ಏಣಿ ಹತ್ತಿ ಬೊಟ್ಟು ಇಟ್ಟರು. ಆಗ ರೋಮೆಲ್ ಊರ ಮಧ್ಯದ ಕಟ್ಟಡವೊಂದರಲ್ಲಿ ತೊಲೆ ನಿಲ್ಲಿಸುವ ಕೆಲಸದ ಮೇಲಿದ್ದ. ವಾರಗಟ್ಟಲೆ ವರ್ಕ್‌ಶಾಪಿಗೆ ಬಂದಿರಲಿಲ್ಲ.

ಆಮೇಲೆ ಖಂಡೇನವಮಿ ಬಂತು. ಈ ಸಲ ದೊಡ್ಡದಾಗಿ ಮಾಡಿ, ಕಂಪನಿಯ ವೆಬ್‌ಸೈಟಿಗೆ ಫೋಟೋ ಹಾಕೋಣ, ಎಂದ ಗ್ರೆಗ್. ಫೋಟೋದವಳನ್ನೂ ಕರೆಸಿದ. ಚೆನ್ನಾಗಿ ಕಾಣಲೆಂದು ನಾಲ್ಕೂ ಹಾಯ್ಸ್ಟ್‌ಗಳನ್ನು ಹಳಿಯ ಮೇಲೆ ಸರಿಸಿ ಒಂದೇ ಸಾಲಿಗೆ ತಂದರು. ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ ಹೂವು, ಫೋರ್ಕ್‌ಲಿಫ್ಟಿನ ಗಾಲಿಗೆ ಗ್ರೆಗ್‌ನ ಮನೆಯದೇ ನಿಂಬೆಹಣ್ಣು. ಪೂಜೆಗೆ ಕೂತ ಮೇಲೆ ಒಂದು ಆಯುಧಕ್ಕೆ ಇಟ್ಟು ಇನ್ನೊಂದಕ್ಕೆ ಬಿಡುವುದುಂಟೇ? ಕಾಕಾ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಮಡಿಯಲ್ಲಿ, ಶ್ರದ್ಧೆಯಿಂದ, ನಿಜವಾದ ಪೂಜೆ. ಗ್ರೆಗ್ ಕೂಡ ಹಣೆಗೆ ಹಚ್ಚಿಸಿಕೊಂಡ.

ಸಂಜೆ ಮನೆಗೆ ಹೊರಟಾಗ ನನಗೆ ಹೊಳೆಯಿತು. "ಕಾಕಾ, ಈಗ ಯಾವುದು ಕೆಟ್ಟಿದ್ದು ಅಂತ ಹೆಂಗೆ ಗೊತ್ತಾಗುತ್ತೆ?"

"ನನಗ ಗುರ್ತೈತಿ. ನಾಳೆ ಬನ್ನಿ ಕೊಟ್ಟ ಮ್ಯಾಲೆ ಉಳಿದ ಮೂರರದು ಒರಸ್ತೀನಿ. ಪೂಜಿ ಮಾಡಿದ್ದನ್ನ ದಶಮಿ ಆಗೂತನಾ ಒರಸಬಾರದೋ. ಹೆಂಗೂ ನಾಳೆ ನಾ ಬರೂತನಾ ಯಾರೂ ಒಂದನ್ನೂ ಮುಟ್ಟಬ್ಯಾಡ್ರಿ ಅಂತ ಹೇಳೇನಿ. ಆಯುಧಕ್ಕೂ ಒಂದಿಷ್ಟು ಆರಾಮ ಬೇಕು."

ಮರುದಿನ ವಿಜಯದಶಮಿ. ಹುಬ್ಬಳ್ಳಿಯ ಕಡೆ ಅವತ್ತು ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ, ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ಇಲ್ಲಿ ಬನ್ನಿ ಎಲ್ಲಿಯದು? ಕಾಕಾ ಕೋವೈ ಮರವನ್ನು ಕಂಡುಕೊಂಡಿದ್ದರು. ವಸಂತದಲ್ಲಿ ಹಳದಿ ಹೂವು ಬಿಡುವ ಈ ದೇಶದ ಮರ; ಎಲೆ ಬನ್ನಿಯಂತೆಯೇ ಸಣ್ಣ ಸಣ್ಣ. ಅದನ್ನು ಕೀಳಲೆಂದು ಅವರು ದಾರಿಯಲ್ಲಿ ಇಳಿದುಕೊಂಡರು. ನಾನು ಮುಂದೆ ಹೋದೆ.

ವರ್ಕ್‌ಶಾಪಿನ ಮುಂದೆ ಆಗಲೇ ಲಾರಿ ನಿಂತಿತ್ತು. ತೊಲೆಯೊಂದನ್ನು ಅವಸರವಾಗಿ ಕಳಿಸಬೇಕು, ಲಾರಿ ಕಾಯುತ್ತಿದೆ, ಎಂದು ಗ್ರೆಗ್ ಓಡಾಡುತ್ತಿದ್ದ. ರೋಮೆಲ್ ಅವತ್ತೇ ವರ್ಕ್‌ಶಾಪಿಗೆ ಮರಳಿದ್ದ. ಮುಟ್ಟಬೇಡಿ ಎಂದದ್ದು ಅವನ ಕಿವಿಗೆ ಬಿದ್ದಿರಲಿಲ್ಲ. ಅವನು ಮೇಲೆ ನೋಡಿದ. ನಾಲ್ಕು ಹಾಯ್ಸ್ಟ್, ನಾಲ್ಕಕ್ಕೂ ಕುಂಕುಮ, ನಾಲ್ಕಕ್ಕೂ ಹೂವು. ಓ, ಹಬ್ಬ, ಎಂದು ನಕ್ಕು ಹತ್ತಿರದ್ದಕ್ಕೆ ತೊಲೆಯನ್ನು ಸಿಕ್ಕಿಸಿ ಎತ್ತಿದ. ನಾನು ಶೌಚಾಲಯದಿಂದ ಬರುವ ಹೊತ್ತಿಗೆ ತೊಲೆ ಮೇಲೆದ್ದು ನಿಂತಿತ್ತು. ಅಡಿಯ ಬೋಲ್ಟಿನ ತೂತಿನ ಅಳತೆ ನೋಡಲು ಗ್ರೆಗ್ ನನ್ನನ್ನು ಕೂಗಿದ. ನಾನು ಮಂಡಿಯೂರಿ ತೊಲೆಯ ಕೆಳಗೆ ತಲೆ ತೂರಿಸಿದೆ. ಯಾವ ಹಾಯ್ಸ್ಟ್ ಎಂದು ನೋಡಿದೆನೇ? ನೋಡಿದೆ. ಕುಂಕುಮ ಕಂಡಿತು. ಎಲ್ಲಕ್ಕೂ ಇತ್ತಲ್ಲ. ಹಿಂದಿನ ಸಂಜೆಯ ಮಾತು ಆ ಅವಸರದಲ್ಲಿ ಮರೆತೇಹೋಗಿತ್ತು.

"ಏ ತಮ್ಮಾ, ಬಾರೋ. ಬಂಗಾರ ತಗೋ. ಬಂಗಾರದ್ಹಂಗ ಇರೂಣು."

ಬಾಗಿಲ ಕಡೆಯಿಂದ ಕಾಕಾ ಕೂಗಿದರು. ಅವರ ಬೊಗಸೆಯಲ್ಲಿ ಎಲೆ. ಹಾಯ್ಸ್ಟನ್ನು ಅವರಿನ್ನೂ ನೋಡಿರಲಿಲ್ಲ, ಅವರ ಮುಖದಲ್ಲಿ ಬರೀ ಹಬ್ಬವಿತ್ತು. ನಾನು ಎದ್ದೆ. ಕೈಯೊರೆಸಿಕೊಂಡು ಅವರ ಬಳಿ ಹೋದೆ, ಎಲೆ ತೆಗೆದುಕೊಂಡೆ, ಕಾಲು ಮುಟ್ಟಲು ಬಗ್ಗಿದೆ. ಅವರ ಬೂಟಿನ ಮೇಲೆ ನನ್ನ ಬೆರಳು ಇದ್ದಾಗ ಹಿಂದೆ ಸರಪಳಿ ಓಡಿದ ಸದ್ದು ಕೇಳಿಸಿತು. ಕೊಡ ಕಟ್ಟಿದ ಹಗ್ಗ ಕೈತಪ್ಪಿದಾಗ ಬಾವಿಯ ಗಡಗಡೆ ಸದ್ದು ಮಾಡುತ್ತದಲ್ಲ, ಹಾಗೆ. ಮರುಕ್ಷಣ ನೆಲ ಅದುರಿತು.

ಈ ಊರಿನಲ್ಲಿ ನೆಲ ಅದುರಿದರೆ ಎಲ್ಲರೂ ಒಂದೇ ಯೋಚನೆ ಮಾಡುತ್ತಾರೆ. ಆಫೀಸಿನವರು ಮೇಜಿನ ಕೆಳಗೆ ನುಗ್ಗಿದರು. ಗ್ರೆಗ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಎಲ್ಲರೂ ಎರಡನೆಯ ನಡುಕಕ್ಕೆ ಕಾಯುತ್ತಿದ್ದೆವು. ಅದು ಬರಲಿಲ್ಲ. ರೋಮೆಲ್‌ನ ದನಿ ಬಂತು. ತೊಲೆಯ ತುದಿ ಅವನ ಪಾದದ ಮೇಲಿತ್ತು. ನಾನು ಮಂಡಿಯೂರಿದ್ದ ಜಾಗದಲ್ಲಿ ನನ್ನ ಅಳತೆಯ ಟೇಪು ಇತ್ತು. ಅದು ಹಾಳೆಯಷ್ಟು ತೆಳ್ಳಗಾಗಿತ್ತು.

ಕಾಕಾ ಓಡಿದರು, ಜ್ಯಾಕ್ ತಂದರು, ತೊಲೆ ಎತ್ತಿದರು, ರೋಮೆಲ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಮಾತ್ರ ಬಗ್ಗಿದ ಭಂಗಿಯಲ್ಲೇ ಬಹಳ ಹೊತ್ತು ಇದ್ದೆನಂತೆ. ಬೇರೆಯವರು ಹೇಳಿದ್ದು. ನನಗೆ ನೆನಪಿರುವುದು ಆ ಸದ್ದು, ಆಮೇಲೆ ಅಂಬುಲೆನ್ಸು ಹೋದ ಮೇಲೆ ಕಾಕಾ ಮೇಲೆ ನೋಡಿ ಅಂದ ಮಾತು. "ನನ್ನ ಕುಂಕುಮಾನ ಅವನ ಕಾಲು ಮುರೀತು."

ಆ ವಾರ ಗ್ರೆಗ್ ಕಾಕಾನನ್ನು ತನ್ನ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದ. ಭಾನುವಾರ ರೊಟ್ಟಿ ಬಡಿಯುತ್ತಾ ಕಾಕಾ ಅದನ್ನು ಹೇಳಿದರು. ಟವೆಲ್ ಬೀಸುವ ಕೆಲಸ ಈಗ ನನ್ನದು.

"ಸುರಕ್ಷತೆ ಇಲಾಖೆಯಾಕಿ ಬರ್ತಾಳಂತ. ರೋಮೆಲ್ ತಪ್ಪು ಗುಂಡಿ ಒತ್ತಿದಾ ಅಂತ ಇವರು ಹೇಳಾವ್ರು. ನನಗ ಏನೂ ಗೊತ್ತಿಲ್ಲಾ ಅಂದ್ರ ಸಾಕಂತ. ನನ್ನ ರೆಸಿಡೆನ್ಸಿ ಇನ್ನೇನ್ ಬಂದಬಿಡತೈತಿ, ನಾವೆಲ್ಲಾ ನೀ ಇಲ್ಲೇ ಇರಬೇಕು ಅಂತ ಬಯಸ್ತೀವಿ ಅಂದ. ಭುಜದ ಮ್ಯಾಲೆ ಕೈ ಹಾಕಿ ಅಂದ."

"ಹಂಗೇ ಹೇಳಿಬಿಡ್ರಿ ಕಾಕಾ. ಮಗಳ ಮುಖ ನೋಡ್ರಿ."

"ರೋಮೆಲ್‌ನ ವೀಸಾದ ಮ್ಯಾಲೂ ಅದ ಹೆಸರೈತಿ. ತಪ್ಪು ಅವಂದು ಅಂತ ಆತಂದ್ರ ಅವಂಗ ಮತ್ತ ಯಾರು ಕೆಲಸಾ ಕೊಡ್ತಾರ? ಕಾಲೂ ಹೋತು, ಕೆಲಸಾನೂ ಹೋತು."

"ಹಾಗಾದರೆ ನಾನು ಹೇಳ್ತೀನಿ. ಬ್ರೇಕು ಕೆಟ್ಟಿತ್ತು ಅಂತ."

"ನೀ ಗ್ರೆಗ್‌ಗ ಹೇಳಿದ್ಯೇನು? ಹೇಳಿದಾಂವ ನಾನು. ನೀ ಕಂಡದ್ದಷ್ಟ ಹೇಳು. ಬಗ್ಗಿದೆ, ಬಿತ್ತು." ಅವರು ರೊಟ್ಟಿ ತಿರುವಿ ಹಾಕಿದರು. "ಜ್ವಾಕಿ, ಟವೆಲ್ ಬೀಸು. ಅಲಾರಂ ಹೊಡಕೊಂಡೀತು."

ಇಲಾಖೆಯ ಆ ಹೆಂಗಸು ನಮ್ಮ ಟೀ ಕುಡಿಯುವ ಕೋಣೆಯಲ್ಲಿ ಕೂತು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದಳು. ಕಾಕಾನ ಜೊತೆಗೆ ಇಂಗ್ಲಿಷಿನ ನೆರವಿಗೆಂದು ನಾನು ಕೂತೆ. ಅವರು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ಕೂದಲಿಗೆ ಬಣ್ಣ ಹಾಕಿರಲಿಲ್ಲ. ಕಿವಿಯ ಮೇಲೆ ಬಿಳಿ ಇಣುಕುತ್ತಿತ್ತು.

ಬ್ರೇಕ್ ಕೆಟ್ಟಿದೆ ಎಂದು ನಿಮಗೆ ಗೊತ್ತಿತ್ತೇ, ಎಂದು ಕೇಳಿದಳು.

ನಾನು ಕನ್ನಡಕ್ಕೆ ತಿರುಗಿಸುವ ಮುನ್ನವೇ ಕಾಕಾ "ಯೆಸ್" ಎಂದರು. ಗೊತ್ತಿತ್ತು, ಮ್ಯಾನೇಜರನಿಗೆ ಎರಡು ಸಲ ಹೇಳಿದೆ, ಆಮೇಲೆ ಕುಂಕುಮ ಇಟ್ಟೆ. ಕುಂಕುಮ ಎಂದರೇನು ಎಂದಳು. ನಾನು ವಿವರಿಸಿದೆ. ಅವಳು ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. ಹಾಗಾದರೆ ದೇವರಿಗೆ ಹೇಳಿದಿರಿ, ನಮಗೇಕೆ ಹೇಳಲಿಲ್ಲ? ನಮ್ಮ ಫೋನ್ ನಂಬರ್ ಅದೋ ಆ ಗೋಡೆಯ ಮೇಲೇ ಇದೆಯಲ್ಲ? ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ.

ಕಾಕಾ ಗೋಡೆಯ ಪೋಸ್ಟರನ್ನು ನೋಡಿದರು. ಕೊಲ್ಲಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ನಿಧಾನವಾಗಿ, ತಾವೇ ಹೇಳಿದರು. "ಮೇಡಮ್, ದೇವರು ನನ್ನ ವೀಸಾಕ್ಕೆ ಸಹಿ ಮಾಡುವುದಿಲ್ಲ. ಆದ್ದರಿಂದ ಅವನಿಗೆ ಹೇಳಲು ಭಯವಿಲ್ಲ."

ಅವಳು ಅದನ್ನು ಬರೆದುಕೊಂಡಳೋ ಇಲ್ಲವೋ ನನಗೆ ಕಾಣಲಿಲ್ಲ.

ಆಮೇಲೆ ಎಲ್ಲವೂ ಸದ್ದಿಲ್ಲದೆ ಆಯಿತು. ತಪ್ಪು ರೋಮೆಲ್‌ನದಲ್ಲ ಎಂದಾಯಿತು. ಹೊಸ ಹಾಯ್ಸ್ಟ್‌ಗಳು ಬಂದವು, ಪ್ರತಿಯೊಂದಕ್ಕೂ ಹಸಿರು ಸ್ಟಿಕ್ಕರ್. ಯಾರೂ ಕಾಕಾನ ಮೇಲೆ ದನಿಯೆತ್ತಲಿಲ್ಲ. ಕೆಲವು ತಿಂಗಳ ನಂತರ ಗ್ರೆಗ್ ಅವರನ್ನು ಆಫೀಸಿಗೆ ಕರೆದು, ಊರು ಕಟ್ಟುವ ಕೆಲಸ ಕಡಿಮೆಯಾಗುತ್ತಿದೆ, ನಿಮ್ಮ ಹುದ್ದೆಯನ್ನೇ ತೆಗೆಯುತ್ತಿದ್ದೇವೆ, ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತೆಂದು ಕಾಕಾ ಹೇಳಿದರು. ಸುಳ್ಳಲ್ಲದಿರಬಹುದು. ರೆಸಿಡೆನ್ಸಿ ಕಚೇರಿಯಿಂದ, ಈ ಮನುಷ್ಯ ಇನ್ನೂ ನಿಮ್ಮಲ್ಲಿ ಕೆಲಸದಲ್ಲಿದ್ದಾರೆಯೇ ಎಂದು ವಿಚಾರಣೆ ಬಂತು. ಇಲ್ಲ ಎಂಬ ಉತ್ತರ ಹೋಯಿತು. ಕೆಲಸಕ್ಕೆಂದು ಇದ್ದ ಅಂಕಗಳು ಹೋದವು. ಅರ್ಜಿ ಬಿದ್ದುಹೋಯಿತು.

ಲೋವರ್ ಹಟ್ ಎಂಬ ಊರಿನಲ್ಲಿ ಒಂದು ಸಣ್ಣ ವರ್ಕ್‌ಶಾಪಿನವನು ಅವರ ಕೈಕೆಲಸ ನೋಡಿ ನಾಳೆಯೇ ಬಾ ಎಂದಿದ್ದ. ನಾಳೆ ಹೋಗುವಂತಿರಲಿಲ್ಲ. ಅವನು ಮೊದಲು ಜಾಹೀರಾತು ಕೊಡಬೇಕು, ಇಲ್ಲಿಯವರಿಗೆ ಅವಕಾಶ ಕೊಡಬೇಕು, ಸಿಗಲಿಲ್ಲವೆಂದು ತೋರಿಸಬೇಕು. ಪಾಪ, ಒಂದಿಷ್ಟು ಮಾಡಿದ. ಸಾಕಾಗಿ ಬಿಟ್ಟ. ಅಷ್ಟರಲ್ಲಿ ಕಾಕಾನ ವೀಸಾ ತೀರುತ್ತಾ ಬಂದಿತ್ತು. ಕೆಲಸ ಮಾಡುವಂತಿಲ್ಲದ ಆ ದಿನಗಳಲ್ಲಿ ಅವರು ಮನೆಯ ಬೇಲಿ, ಗೇಟು, ಪಕ್ಕದ ಮನೆಯ ಮ್ಯಾಕ್‌ ಅಂಕಲ್‌ನ ಕೋಳಿಗೂಡು ಎಲ್ಲ ಸರಿಮಾಡಿದರು. ಮಗಳು ಫೋನಿನಲ್ಲಿ, ಕಾಲೇಜಿನ ಸೀಟಿಗೆ ಯಾವಾಗ ಅರ್ಜಿ ಹಾಕಲಿ ಅಪ್ಪಾ, ಎಂದು ಕೇಳಿದರೆ, "ಹಾಕೂಣು, ಹಾಕೂಣು" ಎನ್ನುತ್ತಿದ್ದರು.

ವಿಮಾನ ನಿಲ್ದಾಣಕ್ಕೆ ನಾನು, ಊರುಗೋಲಿನ ರೋಮೆಲ್ ಹೋಗಿದ್ದೆವು. ರೋಮೆಲ್ ಅಳುತ್ತಿದ್ದ.

"ಅಳಬ್ಯಾಡಂತ ಹೇಳೋ ಅವಂಗ" ಎಂದರು ಕಾಕಾ ನನಗೆ. "ಕಾಲ ಮ್ಯಾಲೆ ಭಾರ ಹಾಕಬ್ಯಾಡಂತ ಹೇಳು. ಮತ್ತ ನೀನು, ಲಗ್ನಾ ಮಾಡ್ಕೋ. ಎಷ್ಟ ದಿನಾ ಟವೆಲ್ ಬೀಸ್ಕೋಂತ ನಿಂದರ್ತಿ?"

ನಾನು ಕಾಲು ಮುಟ್ಟಲು ಬಗ್ಗಿದೆ. ಬಗ್ಗಿದೊಡನೆ ಬೆನ್ನ ಹಿಂದೆ ಆ ಸದ್ದು. ಅಲ್ಲಿ ಯಾವ ಸರಪಳಿಯೂ ಇರಲಿಲ್ಲ, ಯಾರೋ ಸೂಟ್‌ಕೇಸ್ ಎಳೆದುಕೊಂಡು ಹೋದರು ಅಷ್ಟೇ. ಆದರೂ ನಾನು ಮೇಲೇಳಲಾರದೆ ಹಾಗೆಯೇ ಇದ್ದೆ. ಕಾಕಾನಿಗೆ ಅರ್ಥವಾಯಿತು. ಎರಡೂ ರೆಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. "ಮುಗೀತೋ ಅದು. ಬಿದ್ದಾಗೈತಿ" ಎಂದರು. ತಿರುಗಿ ನೋಡದೆ ಒಳಗೆ ಹೋದರು.

ಮೊನ್ನೆ ಅವರ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಅವರ ಮಗಳು ಫೋನ್ ಮಾಡಿದಳು. ಹುಬ್ಬಳ್ಳಿಯದೇ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ದನಿ ತಗ್ಗಿಸಿದಳು.

"ಅಣ್ಣಾರ, ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಅಪ್ಪಾ ಅಲ್ಲಿಂದ ಯಾಕ ಬಂದಬಿಟ್ರು?"

"ಮನೇಲಿ ಏನು ಹೇಳಿದ್ರು?"

"ಅಲ್ಲೀ ಥಂಡಿ ಮೈಗೆ ಹತ್ತಲಿಲ್ಲ ಅಂತ. ಯಾರು ಕೇಳಿದ್ರೂ ಅದ. ನನಗ ಕಾಲೇಜಿಗೆ ಕರಕೊಂಡ ಹೋಗ್ತೀನಿ ಅಂದಿದ್ರಿ ಅಂದ್ರೂ ಅದ. ಥಂಡಿ ಭಾಳವಾ, ಎದಿ ಹಿಡೀತಿತ್ತು ಅನ್ನಾವ್ರು."

ಹಾರ್ನ್‌ಬಿಯಲ್ಲಿ ಹುಲ್ಲೆಲ್ಲ ಮಂಜುಗಟ್ಟಿ ಬಿಳಿಯಾದ ಬೆಳಗುಗಳಲ್ಲೂ ಆ ಮನುಷ್ಯ ಅರ್ಧ ತೋಳಿನ ಅಂಗಿಯಲ್ಲಿ ಬಸ್ಸಿಗೆ ನಿಲ್ಲುತ್ತಿದ್ದರು. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಬ್ರೇಕು, ಕುಂಕುಮ, ಬನ್ನಿ, ರೋಮೆಲ್, ಆ ಕೋಣೆಯಲ್ಲಿ ಅವರು ಅಂದ "ಯೆಸ್". ಹೇಳುವಾಗ ಎರಡು ಸಲ ನಿಲ್ಲಿಸಬೇಕಾಯಿತು. ಆ ಕಡೆ ಕುಕ್ಕರ್ ಕೂಗಿತು, ಯಾರೋ ಅದನ್ನು ಇಳಿಸಿದರು.

"ಆ ರೋಮೆಲ್ ಅನ್ನಾವ್ರು ಈಗ ನಡೀತಾರೇನ್ರಿ?"

"ನಡೀತಾನೆ. ಸ್ವಲ್ಪ ಕುಂಟ್ತಾನೆ. ಬೇರೆ ಕಡೆ ಕೆಲಸ ಸಿಕ್ತು, ರೆಸಿಡೆನ್ಸೀನೂ ಆಯ್ತು. ಹೆಂಡತಿ ಮಕ್ಕಳು ಬಂದಿದ್ದಾರೆ."

"ಚಲೋ ಆತು" ಎಂದಳು. ಆಮೇಲೆ, ಅಡುಗೆಮನೆಗೆ ಕೇಳಿಸದ ಹಾಗೆ, ಇನ್ನೂ ಸಣ್ಣ ದನಿಯಲ್ಲಿ ಹೇಳಿದಳು.

"ಇದನ್ನ ಅವ್ವಗ ಹೇಳೂದು ಬ್ಯಾಡ್ರಿ ಅಣ್ಣಾರ. ಇಷ್ಟ ವರ್ಷಾ ಆಕಿ ಆ ಥಂಡೀಗೆ ಬೈಕೋಂತ ಬಂದಾಳ. ಈಗ ಬ್ಯಾರೆ ಯಾರಿಗೆ ಬೈಯೂದು ಅಂತ ಹುಡುಕೂ ವಯಸ್ಸಲ್ಲ ಆಕೀದು."